ಎರಡನೆಯ ಗುಂಡಿ

ಅವನು ಬಟ್ಟೆಗೆ ಕತ್ತರಿ ಹಾಕಿದ್ದನ್ನು ಕಣ್ಣಾರೆ ಕಂಡವರು ಆ ಅಂಗಡಿಯಲ್ಲಿ ಒಬ್ಬರೂ ಇರಲಿಲ್ಲ. ಊರಿಗೆಲ್ಲ ಹೆಸರಾದ ದರ್ಜಿ ಮಾಸ್ತರರ ಏಕಮಾತ್ರ ಪುತ್ರ, ವಯಸ್ಸು ಇಪ್ಪತ್ತೆಂಟು, ಬೆಳೆದದ್ದು ಬಟ್ಟೆಯ ಥಾನುಗಳ ನಡುವೆ, ಆಡಿದ್ದು ಖಾಲಿ ದಾರದ ರೀಲುಗಳೊಡನೆ. ಆದರೂ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಯನ್ನು ಕೈಗೆತ್ತಿಕೊಂಡು, ಅದರ ಬಾಯಿ ತೆರೆದು, ಇನ್ನೇನು ಅಂಚಿಗೆ ತಾಗಿಸಬೇಕು ಎನ್ನುವಷ್ಟರಲ್ಲಿ ಅವನ ಕೈ ನಿಂತುಬಿಡುತ್ತಿತ್ತು. "ಇನ್ನೊಂದ್ಸಲ" ಎನ್ನುತ್ತಿದ್ದ. ಕತ್ತರಿ ಕೆಳಗಿಟ್ಟು ಟೇಪು ಎತ್ತಿಕೊಳ್ಳುತ್ತಿದ್ದ. ಎಳೆದ ಗೆರೆಯನ್ನು ಅಂಗೈಯಿಂದ ಒರೆಸಿ, ಮತ್ತೆ ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ, ಅದೇ ಗೆರೆಯನ್ನು ಎಳೆಯುತ್ತಿದ್ದ. ಮೂರನೆಯ ಸಲಕ್ಕೆ ಅಪ್ಪ ಬಂದು, ಮಗನ ಭುಜವನ್ನು ಮೆಲ್ಲಗೆ ಸರಿಸಿ, ಕಂಕುಳಿನಿಂದ ಅಂಚಿನವರೆಗೆ ಒಂದೇ ಉಸಿರಿನಲ್ಲಿ ಕತ್ತರಿಸಿಕೊಟ್ಟು ಹೋಗುತ್ತಿದ್ದರು. ಹೀಗಾಗಿ ಅವನಿಗೆ ‘ಇನ್ನೊಂದ್ಸಲ’ ಎಂಬ ಹೆಸರೇ ಬಿತ್ತು. ತಾಯಿ ತಂದೆ ಇಟ್ಟ ಹೆಸರು ಶಾಲೆಯ ಕಾಗದಗಳಲ್ಲಿ ಉಳಿದುಕೊಂಡಿತು.

ಈ ಹೆಸರನ್ನು ಇಟ್ಟವಳು ಕಾಜಾದಮ್ಮ. ಗುಂಡಿ ತೂರುವ ಸೀಳಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಆ ಸೀಳಿನ ಅಂಚಿಗೆ ದಾರ ಹಾಯಿಸಿ, ಅದಕ್ಕೆದುರಾಗಿ ಗುಂಡಿ ಕೂರಿಸುವುದೊಂದನ್ನೇ ಮೂವತ್ತೊಂದು ವರ್ಷ ಮಾಡಿಕೊಂಡು ಬಂದವಳು ಅವಳು. ಬೀದಿಯ ಕಡೆಯ ಕಿಟಕಿಯ ಪಕ್ಕ, ಬೆಳಕು ಎಡಗಡೆಯಿಂದ ಬೀಳುವಂತೆ, ಅವಳದೊಂದು ಗಿಡ್ಡ ಕುರ್ಚಿ. ಎದುರಿಗೆ ಬಂದು ನಿಂತವರ ಮುಖವನ್ನು ಅವಳು ನೋಡುತ್ತಲೇ ಇರಲಿಲ್ಲ. ಎದೆಯ ಗುಂಡಿಗಳನ್ನು ನೋಡಿ, ಇದು ಯಾರು, ಈ ಬಟ್ಟೆ ಎಲ್ಲಿ ಹೊಲಿದದ್ದು, ಮನೆಯಲ್ಲಿ ಸೂಜಿ ಹಿಡಿಯುವವರು ಇದ್ದಾರೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದಳು. ನಮ್ಮ ನುಡಿಯಲ್ಲಿ ಗುಂಡಿ ಎಂದರೆ ಕೋಟಿಗೆ ಹಾಕುವುದೂ ಹೌದು, ನೆಲದಲ್ಲಿ ತೋಡುವುದೂ ಹೌದಲ್ಲ, ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಇಸ್ತ್ರಿಯಣ್ಣ ಇದನ್ನೇ ಹಿಡಿದುಕೊಂಡು ದಿನಾ ಸಂಜೆ "ಇವತ್ತು ಎಷ್ಟು ಗುಂಡಿ ತೋಡಿದೆ?" ಎಂದು ಅವಳನ್ನು ರೇಗಿಸುತ್ತಿದ್ದ. "ನಿನಗೊಂದು ಬಾಕಿ ಇದೆ" ಎಂದು ಅವಳು ಸೂಜಿಯಿಂದ ಕಣ್ಣೆತ್ತದೆ ಉತ್ತರಿಸುತ್ತಿದ್ದಳು. ಮಾಸ್ತರರ ಮಗನಿಗೆ ಸೂಜಿಗೆ ದಾರ ಪೋಣಿಸಲು ಕಲಿಸಿದವಳೂ ಅವಳೇ. ಮಕ್ಕಳಿಲ್ಲದ ಕಾಜಾದಮ್ಮನಿಗೆ ಅವನು ಹೊಟ್ಟೆಯಲ್ಲಿ ಹುಟ್ಟದಿದ್ದ ಮಗ, ಅಷ್ಟೇ.

ಅವನ ನಡಿಗೆಯೂ ಅವನ ಗೆರೆಯ ಹಾಗೇ ಇತ್ತು. ಬೀದಿಯಲ್ಲಿ ನಡೆಯುವಾಗ, ನೆಲದ ಮೇಲೆ ಯಾರೋ ಬೆಲೆಬಾಳುವ ಬಟ್ಟೆ ಹಾಸಿಟ್ಟಿದ್ದಾರೆ, ತುಳಿದರೆ ಕೆಟ್ಟೀತು ಎಂಬಂತೆ ಹೆಜ್ಜೆ ಇಡುತ್ತಿದ್ದ. ಅಂಗಡಿಗೆ ಬೀಗ ಹಾಕಿ, ಮೂರು ಸಲ ಜಗ್ಗಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಜಗ್ಗುತ್ತಿದ್ದ. ಗಿರಾಕಿಯೊಬ್ಬರ ಸೊಂಟವನ್ನು ನಾಲ್ಕು ಸಲ ಅಳೆದಾಗ, ಅವರು "ಮೊದಲನೇ ಸಲದಿಂದ ನಾಲ್ಕನೇ ಸಲಕ್ಕೆ ಹಸಿವಾಗಿ ಎರಡಂಗುಲ ಇಳಿದಿದ್ದೀನಪ್ಪ, ಊಟ ಮಾಡಿ ಬರ್ತೀನಿ" ಎಂದು ಎದ್ದು ಹೋದರಂತೆ. ಎದುರು ಬೀದಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿಯೊಬ್ಬಳ ಮೇಲೆ ಅವನಿಗೆ ಮನಸ್ಸಾಗಿತ್ತು. ಅವಳಿಗೆಂದು ಬರೆದ ಪತ್ರ ಐದನೆಯ ಕರಡಿಗೆ ಬರುವ ಹೊತ್ತಿಗೆ ಅವಳ ಮದುವೆ ನಿಶ್ಚಯವಾಗಿ, ವರನ ಕೋಟಿನ ಅಳತೆ ಇವನ ಮೇಜಿಗೇ ಬಂತು. ಆ ವರನನ್ನೂ ಇವನು ಮೂರು ಸಲ ಅಳೆದ. ಭುಜ ಎಲ್ಲೂ ಎಳೆಯದ ಹಾಗೆ ಕೂತಿದೆ ಎಂದು ಆಮೇಲೆ ಆ ಹುಡುಗಿಯೇ ಬಂದು ಹೊಗಳಿ ಹೋದಳು, ಪಾಪ.

ಮಾಸ್ತರರು ಮಗನ ಈ ಸ್ವಭಾವವನ್ನು ಬೈದದ್ದೇ ಇಲ್ಲ. ಅವರದು ಮಾತು ಕಡಿಮೆ, ಕೈ ಚುರುಕು. ಮೇಜಿನ ಮೇಲಿನ ಮೊಳೆಗೆ ತೂಗುಹಾಕಿದ್ದ ಉದ್ದನೆಯ ಕತ್ತರಿಯನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಅಂಗಡಿಗೆ ಅವರು ಹಾಕಿಕೊಟ್ಟಿದ್ದ ಕಟ್ಟಳೆ ಒಂದೇ: ಗುಂಡಿ ಬಿದ್ದ ಕೋಟು ನಮ್ಮ ಬಾಗಿಲು ದಾಟಿ ಹೋಗಬಾರದು. ದಾರಿ ಕೇಳಲು ಬಂದ ಅಪರಿಚಿತನ ಕೋಟಿನಲ್ಲಿ ಗುಂಡಿ ಕಾಣದಿದ್ದರೂ ಅವನನ್ನು ಕೂರಿಸಿ, ಗುಂಡಿ ಹಾಕಿಯೇ ಕಳುಹಿಸುತ್ತಿದ್ದರು. ಎಷ್ಟೋ ವರ್ಷಗಳಿಂದ ಹೀಗೆ ನಡೆದು ನಡೆದು, ಆ ಅಂಗಡಿಯವರ ಕೈಗಳಿಗೆ ಅದು ಉಸಿರಾಟದಷ್ಟೇ ತಾನೇ ತಾನಾಗಿ ಬರುತ್ತಿತ್ತು. ಮಾಸ್ತರರ ತಮ್ಮನಿಗೂ ಅಷ್ಟೆ.

ಈ ತಮ್ಮ ಇನ್ನೊಂದು ಬಗೆಯ ಮನುಷ್ಯ. ನಗುಮುಖ, ಸಕ್ಕರೆಯಂಥ ಮಾತು, ಗಿರಾಕಿಯ ಬೆನ್ನು ಸವರುತ್ತಲೇ ಅವನ ಗೂನನ್ನು ಗತ್ತು ಎಂದು ಒಪ್ಪಿಸಿಬಿಡುವ ಜಾಣ್ಮೆ. ಅಂಗಡಿಯಲ್ಲಿ ಎಡಗೈಯವನು ಇವನೊಬ್ಬನೇ. ಗುಂಡಿಯನ್ನು ಬಟ್ಟೆಗೆ ಅಂಟಿಸಿ ಹೊಲಿಯುವುದಿಲ್ಲ, ನಡುವೆ ಒಂದಿಷ್ಟು ದಾರದ ಕುತ್ತಿಗೆ ಬಿಟ್ಟು, ಆ ಕುತ್ತಿಗೆಗೆ ಸುತ್ತು ಹಾಕಿ ಬಿಗಿಯುತ್ತಾರೆ. ಕಾಜಾದಮ್ಮ ಬಲಕ್ಕೆ ಆರು ಸುತ್ತು ಹಾಕುತ್ತಿದ್ದಳು. ತಮ್ಮ ಎಡಕ್ಕೆ, ಒಂಬತ್ತು ಸುತ್ತು, ದಾರ ಕಿರುಗುಟ್ಟುವಷ್ಟು ಬಿಗಿಯಾಗಿ. ಕೊನೆಗೆ ಕತ್ತರಿ ಮುಟ್ಟದೆ ಹಲ್ಲಿನಲ್ಲಿ ಕಚ್ಚಿ ತುಂಡರಿಸುತ್ತಿದ್ದ. ಹೊರಗಿನವರಿಗೆ ಎರಡೂ ಒಂದೇ. ಕಾಜಾದಮ್ಮನಿಗೆ ಅವು ಇಬ್ಬರ ಕೈಬರಹದಷ್ಟು ಬೇರೆ.

ಮಾಸ್ತರರು ತೀರಿಕೊಂಡದ್ದು ವಾರದ ಅರ್ಧ ರಜೆಯ ದಿನ. ಅವತ್ತು ಬೆಳಗ್ಗೆ ಹತ್ತು ಗಂಟೆಗೆ ಕಾಜಾದಮ್ಮ ಅವರ ಕರಿಕೋಟನ್ನು ಕಸಿದುಕೊಂಡು, ಅಂಚು ಮುರಿದಿದ್ದ ಹಳೆಯ ಗುಂಡಿಗಳನ್ನು ಕಿತ್ತು, ನಾಲ್ಕೂ ಹೊಸದು ಹಾಕಿದ್ದಳು. ಗುಂಡಿಯ ಡಬ್ಬಿ ಹಿಡಿದು ನಿಂತವನು ಮಗನೇ. ನಾಲ್ಕೂ ಒಂದೇ ಬಣ್ಣವೇ ಎಂದು ಬೆಳಕಿಗೆ ಹಿಡಿದು ಮೂರು ಸಲ ನೋಡಿದ್ದ. ಮಧ್ಯಾಹ್ನ ಬಾಗಿಲು ಹಾಕಿದರು, ಎಲ್ಲರೂ ಹೊರಟರು, ಮಾಸ್ತರರು ಮಹಡಿಯ ಮೇಲೆ ಥಾನುಗಳ ಲೆಕ್ಕ ನೋಡಲು ಉಳಿದರು. ಐದು ಗಂಟೆಗೆ ಹೆಂಡತಿ ಹುಡುಕಿಕೊಂಡು ಬಂದಾಗ ಮೆಟ್ಟಿಲಿನ ಕೆಳಗೆ ಬಿದ್ದಿದ್ದರು, ಕುತ್ತಿಗೆ ಮುರಿದಿತ್ತು. ಮೈಮೇಲೆ ಕರಿಕೋಟು, ನಾಲ್ಕು ಗುಂಡಿಯೂ ಹಾಕಿಯೇ ಇತ್ತು. ತಮ್ಮ ಬಂದು ಎದೆ ಬಡಿದುಕೊಂಡು ಅತ್ತ. ಮಧ್ಯಾಹ್ನ ಬಾಗಿಲಲ್ಲಿ ಅಣ್ಣನನ್ನು ನೋಡಿದ್ದೇ ಕೊನೆ, ಆಮೇಲೆ ತಾನು ಮನೆಬಿಟ್ಟು ಹೊರಗೇ ಬಂದಿಲ್ಲ ಎಂದು ಡಾಕ್ಟರಿಗೂ ಪೊಲೀಸರಿಗೂ ಹೇಳಿದ. ವಯಸ್ಸಾದವರು, ಕಾಲು ಜಾರಿದೆ ಎಂದು ಡಾಕ್ಟರು ಬರೆದರು.

ಆ ಸಂಜೆ ಅಪ್ಪನ ಮೈಯಿಂದ ತಾನೇ ಬಿಚ್ಚಿ ತೊಟ್ಟುಕೊಂಡ ಕರಿಕೋಟನ್ನು ಮಗ ಆಮೇಲೆ ಮೈಯಿಂದ ಇಳಿಸಲಿಲ್ಲ. ಅಪ್ಪನದು ಅಗಲ ಮೈ, ಇವನದು ಕಡ್ಡಿ. ಭುಜ ತೋಳಿನವರೆಗೆ ಜಾರಿತ್ತು, ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು. ಊರಿನವರಿಗೆಲ್ಲ ಮೈಗೊಪ್ಪುವಂತೆ ಹೊಲಿದುಕೊಡುವ ಅಂಗಡಿಯ ಮಗನೇ ಮೈಗೊಪ್ಪದ ಕೋಟು ತೊಟ್ಟು ಬಾಗಿಲಲ್ಲಿ ನಿಂತರೆ ಗಿರಾಕಿಗಳು ಏನಂದುಕೊಳ್ಳಬೇಕು? ಚಿಕ್ಕಪ್ಪ ನಾಲ್ಕು ಬಾರಿ ಕೇಳಿದ, ಕೊಡು, ಒಂದು ಗಂಟೆಯಲ್ಲಿ ನಿನ್ನ ಮೈಗೆ ಹಿಡಿದುಕೊಡುತ್ತೇನೆ ಎಂದು. ಇವನು ಕೊಡಲಿಲ್ಲ. ಒಂದು ಸಂಜೆ ಇಸ್ತ್ರಿಯಣ್ಣ ಮಾಸ್ತರರು ಮೆಟ್ಟಿಲ ಮೇಲೆ ನಿಂತಿದ್ದನ್ನು ಕಂಡೆನೆಂದು ಬೆವರಿ ಓಡಿಬಂದ. ಹೋಗಿ ನೋಡಿದರೆ ಕರಿಕೋಟಿನಲ್ಲಿ ಇವನು, ಕೈಯಲ್ಲಿ ಟೇಪು ಹಿಡಿದು, ಮೆಟ್ಟಿಲುಗಳ ಎತ್ತರವನ್ನು ಒಂದೊಂದಾಗಿ ಅಳೆಯುತ್ತಿದ್ದ. ಇಸ್ತ್ರಿಯಣ್ಣ ನಾಚಿಕೊಂಡ, ಎಲ್ಲರೂ ನಕ್ಕರು. ಹದಿನಾಲ್ಕು ಮೆಟ್ಟಿಲಿಗೂ ಒಂದೇ ಎತ್ತರವಿದೆ, ಅಪ್ಪ ಮೂವತ್ತು ವರ್ಷ ಹತ್ತಿಳಿದಿದ್ದಾರೆ, ಯಾವುದರಲ್ಲಿ ಜಾರಿದರು ಎಂದು ಅವನು ಕಾಜಾದಮ್ಮನನ್ನು ಕೇಳಿದಾಗ ಅವಳು ನಗಲಿಲ್ಲ.

ಎರಡು ತಿಂಗಳೂ ತುಂಬಿರಲಿಲ್ಲ, ಅವನ ತಾಯಿ ಮಾಸ್ತರರ ತಮ್ಮನನ್ನು ಮದುವೆಯಾದಳು. ನೋಂದಣಿ ಕಚೇರಿಯಲ್ಲಿ ಸಹಿ, ಅಂಗಡಿಯ ಮಹಡಿಯಲ್ಲಿ ಚಹಾ. ಕೆಟ್ಟವಳೇನಲ್ಲ ಆಕೆ, ಒಬ್ಬಳೇ ಇರಲು ಕಲಿಯದವಳು, ಯಾರಾದರೂ ತನಗಾಗಿ ಬಾಗಿಲು ತೆರೆದು ಹಿಡಿಯಬೇಕು ಎನ್ನುವವಳು, ಆ ಬಾಗಿಲು ಯಾವ ಕೋಣೆಗೆ ಹೋಗುತ್ತದೆಂದು ಕೇಳದವಳು. ಚಿಕ್ಕಪ್ಪ ಲೋಟ ಹಿಡಿದು ಎದ್ದು ನಿಂತು, ಎಲ್ಲರ ಮುಂದೆ ಇವನ ಹೆಗಲ ಮೇಲೆ ಕೈ ಹಾಕಿದ.

"ಇನ್ನು ಮುಂದೆ ‘ಚಿಕ್ಕ’ ಬಿಟ್ಟುಬಿಡು ಮಗ. ಬರೀ ‘ಅಪ್ಪ’ ಅಂದ್ರೆ ಸಾಕು."

ಇವನು ತನ್ನ ಜೋತುಬಿದ್ದ ತೋಳನ್ನು ನೋಡಿಕೊಂಡು, ಎಂದಿನ ಮೆಲುದನಿಯಲ್ಲಿ, "ಅಷ್ಟು ಕತ್ತರಿಸಿಬಿಟ್ರೆ ಬಟ್ಟೆ ಸಾಲಲ್ಲ ಚಿಕ್ಕಪ್ಪ" ಎಂದ. ದರ್ಜಿಗಳ ನಗೆಚಾಟಿಕೆಯೆಂದು ಎಲ್ಲರೂ ಘೊಳ್ಳೆಂದು ನಕ್ಕರು. ನಗದವರು ಇಬ್ಬರೇ, ಹೇಳಿದವನು ಮತ್ತು ಹೇಳಿಸಿಕೊಂಡವನು.

ಅದೇ ಹೊತ್ತಿನಲ್ಲಿ ತಾಯಿಯ ಕೈಯಿಂದ ಚಮಚ ಜಾರಿ ಬಿತ್ತು. ಅದನ್ನು ಹೆಕ್ಕಲು ಇವನು ಬಾಗಿದ. ಕಿಟಕಿಯ ಬಿಸಿಲು ಕೋಟಿನ ಮುಂಭಾಗಕ್ಕೆ ನೆಟ್ಟಗೆ ಬಿತ್ತು, ಬಾಗಿದ್ದರಿಂದ ಗುಂಡಿಗಳು ಬಟ್ಟೆಯಿಂದ ತುಸು ದೂರ ತೂಗಿದವು, ಎದುರಿಗೆ ಕುಳಿತಿದ್ದ ಕಾಜಾದಮ್ಮನ ಕಣ್ಣು ಅಭ್ಯಾಸದಂತೆ ಅಲ್ಲಿಗೇ ಹೋಯಿತು. ಮೊದಲನೆಯದು ಅವಳದು. ಮೂರನೆಯದು, ನಾಲ್ಕನೆಯದು ಅವಳವು. ಎರಡನೆಯ ಗುಂಡಿಯ ಕುತ್ತಿಗೆಯಲ್ಲಿ ದಾರ ಎಡಕ್ಕೆ ಸುತ್ತಿತ್ತು. ತುದಿ ಕತ್ತರಿಸಿದ್ದಾಗಿರಲಿಲ್ಲ, ಕಚ್ಚಿದ್ದು. ಎಳೆ ಚಪ್ಪಟೆಯಾಗಿ ಬಿರಿದಿತ್ತು. ಕಾಜಾದಮ್ಮನ ಕೈಯಲ್ಲಿದ್ದ ಚಹಾ ಮಡಿಲಿಗೆ ಚೆಲ್ಲಿತು. ಸುಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವಳ ತಲೆ ಒಂದೇ ಕಡೆ ಗಿರಕಿ ಹೊಡೆಯಿತು. ಬೆಳಗ್ಗೆ ಹತ್ತಕ್ಕೆ ನಾಲ್ಕೂ ತನ್ನ ಕೈಯವು. ಮಧ್ಯಾಹ್ನ ಬಾಗಿಲು ಹಾಕುವಾಗ ಮಾಸ್ತರರ ಎದೆಯ ಮೇಲೆ ನಾಲ್ಕೂ ನೆಟ್ಟಗಿದ್ದುದನ್ನು ತಾನೇ ನೋಡಿದ್ದಳು. ಐದಕ್ಕೆ ಹೆಣ. ಆಮೇಲೆ ಕೋಟು ಮಗನ ಮೈಬಿಟ್ಟು ಇಳಿದಿಲ್ಲ. ಹಾಗಾದರೆ ಆ ಮಧ್ಯಾಹ್ನ, ಮನೆಬಿಟ್ಟು ಹೊರಗೇ ಬಂದಿಲ್ಲ ಎಂದವನು, ಅಣ್ಣನ ಕೋಟಿನ ಮುಂಭಾಗಕ್ಕೆ ಕೈ ಹಾಕಿದ್ದಾನೆ. ಎಳೆದಾಟದಲ್ಲಿ ಗುಂಡಿ ಕಿತ್ತು ಬಂದಿದೆ. ಅಣ್ಣ ಹದಿನಾಲ್ಕು ಮೆಟ್ಟಿಲು ಉರುಳಿದ್ದಾನೆ. ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಗುಂಡಿ ಬಿದ್ದ ಕೋಟು ಆ ಬಾಗಿಲು ದಾಟಿ ಹೋಗಬಾರದಲ್ಲ! ಆ ಎಡಗೈ ಸುಮ್ಮನಿರಲಾರದೆ ಸೂಜಿಗೆ ದಾರ ಪೋಣಿಸಿದೆ. ಇನ್ನೂ ಬೆಚ್ಚಗಿದ್ದ ಮೈಯ ಪಕ್ಕ ಮೊಣಕಾಲೂರಿ ಕುಳಿತು, ಒಂಬತ್ತು ಸುತ್ತು ಸುತ್ತಿ, ಅಣ್ಣನ ಎದೆಯ ಹತ್ತಿರ ಬಾಯಿ ತಂದು, ದಾರ ಕಚ್ಚಿದೆ.

ಹೇಳುವುದೋ ಬಿಡುವುದೋ ಎಂದು ಅವಳು ನಾಲ್ಕು ದಿನ ಒದ್ದಾಡಿದಳು. ಹೇಳದಿದ್ದರೆ, ಅಪ್ಪನನ್ನು ಕೊಂದವನ ಕೈಯಿಂದ ಇವನು ಚಹಾ ಇಸಿದುಕೊಂಡು ಕುಡಿಯುತ್ತಾನೆ. ಹೇಳಿದರೆ ಈ ಮೆತ್ತಗಿನ ಜೀವ ಏನಾಗಿಬಿಡುತ್ತದೋ ಎಂಬ ಹೆದರಿಕೆ. ಕೊನೆಗೆ ಒಂದು ಯೋಚನೆ ಅವಳಿಗೆ ಧೈರ್ಯ ಕೊಟ್ಟಿತು: ಇವನು ಇನ್ನೊಂದ್ಸಲ ಎನ್ನುವ ಹುಡುಗ, ದುಡುಕುವವನಲ್ಲ, ಅಳುತ್ತಾನೆ, ಯೋಚಿಸುತ್ತಾನೆ, ಕೋಟನ್ನು ಪೊಲೀಸರ ಮುಂದಿಡುತ್ತಾನೆ. ಐದನೆಯ ದಿನ ಊಟದ ಬಿಡುವಿನಲ್ಲಿ ಅವನನ್ನು ಕಿಟಕಿಯ ಬಳಿಗೆ ಕರೆದು ಎಲ್ಲವನ್ನೂ ಹೇಳಿದಳು. ಅವನು ಅಳಲಿಲ್ಲ. "ಇನ್ನೊಂದ್ಸಲ ಹೇಳು" ಎಂದ. ಹೇಳಿದಳು. ಮತ್ತೆ ಕೇಳಿದ, ಮತ್ತೆ ಹೇಳಿದಳು. ಮೂರನೆಯ ಸಲ ಅವನ ಬೆರಳು ಆ ಗುಂಡಿಯ ಕೆಳಗೆ ನುಸುಳಿ, ಸುತ್ತುಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸಿತು. ಒಂಬತ್ತಾದ ಮೇಲೆ ಅವನ ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತು. ಇಷ್ಟು ದಿನ ತನ್ನ ಎದೆಯ ಮೇಲೆಯೇ ಅದನ್ನು ಹೊತ್ತುಕೊಂಡು ಓಡಾಡಿದೆನಲ್ಲ ಎಂಬುದೊಂದನ್ನೇ ಅವನು ಹೇಳಿದ್ದು.

ಅಲ್ಲಿಗೆ ಸುಮ್ಮನೆ ಹೊರಟುಬಿಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಕೋಟು ಮೈಮೇಲಿತ್ತು, ಠಾಣೆ ಮೂರು ಬೀದಿ ಆಚೆಗಿತ್ತು. ಆದರೆ ಹುಟ್ಟುಗುಣ ಎನ್ನುವುದೊಂದಿದೆಯಲ್ಲ. ಖಾತ್ರಿಯಾಗಬೇಕು ಎಂದ. ಎಡಕ್ಕೆ ಸುತ್ತುವವರು ಲೋಕದಲ್ಲಿ ಚಿಕ್ಕಪ್ಪ ಒಬ್ಬನೇ ಏನು, ಒಂದು ಸಲ ಅಳೆದು ನೋಡಬೇಕು ಎಂದ. ಕಾಜಾದಮ್ಮನಿಗೆ ಅದು ಅವನ ಎಂದಿನ ಮಾತಿನಂತೆ ಕೇಳಿಸಿತು. ತಡೆಯಲಿಲ್ಲ.

ಮರುದಿನ ಚಿಕ್ಕಪ್ಪನಿಗೆ ಹೊಸ ಕೋಟಿನ ಅಳತೆ. ಮಾಸ್ತರರ ಫೋಟೋ ಇದ್ದ ಗೋಡೆಗೆ ತನ್ನದೊಂದು ಹಾಕಿಸುವ ಆಸೆ ಅವನಿಗೆ. ಫೋಟೋಗೆ ಹೊಸ ಕರಿಕೋಟು ಬೇಕು, ಮಗನೇ ಅಳತೆ ತೆಗೆಯಲಿ ಎಂದು ಅಂಗಡಿಯ ನಡುವೆ ಎದೆಯುಬ್ಬಿಸಿ ನಿಂತ. ಏಳು ಜನ ಕೆಲಸದವರು, ತಾಯಿ, ಎಲ್ಲರೂ ಅಲ್ಲಿದ್ದರು. ಇವನು ಭುಜ ಅಳೆದ, ಎದೆ ಅಳೆದ, ತೋಳು ಅಳೆದ. ಆಮೇಲೆ ಟೇಪನ್ನು ಚಿಕ್ಕಪ್ಪನ ಕುತ್ತಿಗೆಗೆ ಹಾಕಿ ಎರಡೂ ತುದಿಯನ್ನು ಸೇರಿಸಿ ಹಿಡಿದ. ಹದಿನಾರೂವರೆ ಎಂದ. ಬಿಡಲಿಲ್ಲ. "ಇನ್ನೊಂದ್ಸಲ" ಎಂದ. ಹದಿನಾರೂವರೆ. ಮೂರನೆಯ ಸಲಕ್ಕೆ ಚಿಕ್ಕಪ್ಪ, ಏನಪ್ಪ, ನೇಣು ಹಾಕುವ ಯೋಚನೆಯೇನಾದರೂ ಇದೆಯೇ ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ಕಾಜಾದಮ್ಮನ ಸೂಜಿ ಅವಳ ಬೆರಳಿಗೇ ಇಳಿಯಿತು.

ಟೇಪನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡು, ಇವನು ಮೇಜಿನ ಮೇಲಿದ್ದ ದಾರದ ಚಿಕ್ಕ ಕತ್ತರಿಯನ್ನು ಎತ್ತಿಕೊಂಡ. ಕರಿಕೋಟಿನ ಎರಡನೆಯ ಗುಂಡಿಯನ್ನು ಎಡಗೈಯಲ್ಲಿ ಹಿಡಿದ. ಕಾಜಾದಮ್ಮನಿಗೆ ಆಗ ಹೊಳೆಯಿತು. ಅದನ್ನಲ್ಲವೋ ಎನ್ನಲು ಎದ್ದು ನಿಂತಳು. ಚಿಟಕ್ಕೆಂದಿತು. ಗುಂಡಿ ಅವನ ಅಂಗೈಗೆ ಬಂತು. ಉಳಿದ ಎಳೆಗಳನ್ನು, ಅಳತೆ ನಿಖರವಾಗಬೇಕಲ್ಲ, ಅವನು ಒಂದೊಂದಾಗಿ ಚೊಕ್ಕಟವಾಗಿ ಕಿತ್ತು ನೆಲಕ್ಕೆ ಉದುರಿಸಿದ.

"ಗುಂಡಿ ಬಿತ್ತು ಚಿಕ್ಕಪ್ಪ. ಹೊಲಿದುಕೊಡಿ."

ಚಿಕ್ಕಪ್ಪ ನಗುತ್ತಲೇ ಸೂಜಿ ತೆಗೆದುಕೊಂಡ. ಬೇಡವೆನ್ನಲು ಆ ಅಂಗಡಿಯ ಕೈಗೆ ಬರುವುದಿಲ್ಲ. ತೊಟ್ಟಿದ್ದ ಕೋಟಿನ ಮೇಲೆಯೇ, ಎದೆಗೆ ಎದೆ ಕೊಟ್ಟು ನಿಂತು, ಎಡಗೈಯಲ್ಲಿ ಹೊಲಿದ; ಕುತ್ತಿಗೆ ಬಿಟ್ಟ; ಸುತ್ತತೊಡಗಿದ. ಎಡಕ್ಕೆ ಒಂದು, ಎರಡು, ಮೂರು. ನಾಲ್ಕನೆಯ ಸುತ್ತಿನಲ್ಲಿ ಕೈ ನಿಂತಿತು. ಅವನ ಕಣ್ಣು ಮೇಲಿನ ಗುಂಡಿಗೆ ಹೋಯಿತು, ಕೆಳಗಿನ ಗುಂಡಿಗೆ ಹೋಯಿತು, ಮಗನ ಮುಖಕ್ಕೆ ಹೋಯಿತು, ಅಲ್ಲಿಂದ ಕಿಟಕಿಯ ಬಳಿ ನಿಂತಿದ್ದ ಕಾಜಾದಮ್ಮನ ಮೇಲೆ ಬಂದು ನೆಟ್ಟಿತು. ಆ ನೋಟವನ್ನು ಅವಳು ಸಾಯುವವರೆಗೆ ಮರೆಯಲಾರಳು. ಹೆದರಿಕೆ ಇತ್ತು ಅದರಲ್ಲಿ, ಒಂದು ಚಿಟಿಕೆ ಹೊತ್ತು. ಆಮೇಲೆ ಹೆದರಿಕೆ ಹೋಗಿ, ಲೆಕ್ಕ ಹಾಕಿದ ನಗು ಬಂತು. ಉಳಿದ ಐದು ಸುತ್ತನ್ನು ಅವನು ಅವಸರವಿಲ್ಲದೆ ಸುತ್ತಿದ, ಬಾಗಿ, ದಾರ ಕಚ್ಚಿದ.

"ಎಲ್ಲರೂ ನೋಡಿದ್ರಲ್ಲ? ಅಣ್ಣನ ಕೋಟಿನ ಈ ಗುಂಡಿ ಹೊಲಿದದ್ದು ನಾನೇ. ನಾಳೆ ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ."

ಅಣ್ಣನ ಮೇಲಿನ ಪ್ರೀತಿಯಿಂದ ಹೀಗೆ ಹೇಳುತ್ತಿದ್ದಾನೆ ಎಂದುಕೊಂಡು ಇಸ್ತ್ರಿಯಣ್ಣ ಕಣ್ಣೊರೆಸಿಕೊಂಡ. ತಾಯಿ ತಲೆಯಾಡಿಸಿದಳು. ಮಗನಿಗೆ ಬೇಕಾಗಿದ್ದ ಖಾತ್ರಿ ಸಿಕ್ಕಿತ್ತು. ಅದೇ ಗಳಿಗೆಯಲ್ಲಿ, ಅದೇ ಕತ್ತರಿಯಲ್ಲಿ, ಲೋಕಕ್ಕೆ ತೋರಿಸಲು ಇದ್ದ ಒಂದೇ ಒಂದು ಸಾಕ್ಷಿಯೂ ಉದುರಿ ಹೋಗಿತ್ತು. ಇನ್ನು ಆ ಕೋಟಿನ ಮೇಲಿದ್ದದ್ದು ಒಂಬತ್ತು ಜನರೆದುರು ಹಾಡುಹಗಲು ಹೊಲಿದ ಗುಂಡಿ.

ಮಧ್ಯಾಹ್ನ ಕಸ ಗುಡಿಸಿದರು. ಸಂಜೆ ಕಾಜಾದಮ್ಮ ಕಸದ ಡಬ್ಬಿಯನ್ನು ನೆಲಕ್ಕೆ ಬಗ್ಗಿಸಿ, ಕನ್ನಡಕ ಹಾಕಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು ಹುಡುಕಿದಳು. ಕರಿದಾರದ ತುಣುಕು ನೂರಾರಿದ್ದವು. ತನ್ನವು, ಯಂತ್ರದವು, ಚಿಕ್ಕಪ್ಪನವು. ಬಟ್ಟೆಯ ಮೇಲಿದ್ದಾಗ ಕೈಬರಹದಂತೆ ಓದಬಲ್ಲ ದಾರ ಕಸದಲ್ಲಿ ಬರೀ ದಾರ. ಮಗ ಮೆಟ್ಟಿಲಿನ ಮೇಲೆ ಕುಳಿತು ನೋಡುತ್ತಿದ್ದ. ಠಾಣೆಗೆ ಹೋಗೋಣ, ನಾನು ಬಂದು ಹೇಳುತ್ತೇನೆ ಎಂದಳು. ಏನು ತೋರಿಸುತ್ತೀ ಎಂದ. ಅವಳಿಗೆ ರೋಷ ಉಕ್ಕಿತು, ಅಳುವೂ ಬಂತು.

"ಇನ್ನೂ ಮೂರು ಗುಂಡಿ ಇದ್ದವಲ್ಲೋ. ಅದನ್ನೇ ಯಾಕೆ ಕತ್ತರಿಸಿದೆ?"

"ಅಳತೆ ಅಂದ್ರೆ ಅದೇ ಜಾಗದಲ್ಲಿ ತೆಗೀಬೇಕು ಅಂತ ಅಪ್ಪ ಹೇಳ್ತಿದ್ರು" ಎಂದು ಅವನು ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡ. "ಜೀವಮಾನದಲ್ಲಿ ನಾನು ಹಾಕಿದ ಮೊದಲನೇ ಕತ್ತರಿ ಕಣಮ್ಮ ಅದು."

ಮೂರು ದಿನ ಅವನು ಅಂಗಡಿಗೆ ಬರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ನೆಲವನ್ನು ನೆಲದಂತೆ ತುಳಿದು ಬಂದ. ಚಿಕ್ಕಪ್ಪನ ಕೋಟಿಗೆಂದು ತರಿಸಿದ್ದ ಕರಿಬಟ್ಟೆಯನ್ನು ಮೇಜಿನ ಮೇಲೆ ಹಾಸಿದ. ಸೀಮೆಸುಣ್ಣ ಮುಟ್ಟಲಿಲ್ಲ, ಟೇಪು ಮುಟ್ಟಲಿಲ್ಲ. ಕೈಯೆತ್ತಿ ಮೊಳೆಯ ಮೇಲಿದ್ದ ಅಪ್ಪನ ಉದ್ದ ಕತ್ತರಿಯನ್ನು ತೆಗೆದುಕೊಂಡ. ಕಂಕುಳಿನಿಂದ ಅಂಚಿನವರೆಗೆ, ಒಂದೇ ಉಸಿರಿನಲ್ಲಿ, ಬಟ್ಟೆ ಎರಡಾಗಿ ಸರಿಯಿತು. ಬೆನ್ನು, ಎದೆ, ತೋಳು, ಕಾಲರು; ಎಲ್ಲೂ ನಿಲ್ಲಲಿಲ್ಲ. ಇಸ್ತ್ರಿಯಣ್ಣ ಚಪ್ಪಾಳೆ ತಟ್ಟಿದ. ತಾಯಿ ಸೆರಗಿನಿಂದ ಕಣ್ಣೊತ್ತಿಕೊಂಡು, ಥೇಟ್ ಅವರಪ್ಪನ ಕೈ ಎಂದಳು. ಎದುರು ನಿಂತಿದ್ದ ಚಿಕ್ಕಪ್ಪನೂ ಶಹಬ್ಬಾಸ್ ಎಂದ. ಸೋತವನು ದಾರಿಗೆ ಬಂದ ಎಂದುಕೊಂಡನೋ ಏನೋ, ಕತ್ತರಿಯನ್ನು ಇನ್ನು ನೀನೇ ಇಟ್ಟುಕೋ ಎಂದು ಧಾರಾಳವಾಗಿ ಹೇಳಿ ಮಹಡಿ ಹತ್ತಿದ. ಅಷ್ಟು ಜನರ ಆನಂದದ ನಡುವೆ ಕಾಜಾದಮ್ಮನೊಬ್ಬಳು ಸೂಜಿ ಕೆಳಗಿಟ್ಟು ಆ ಕತ್ತರಿಯನ್ನೇ ನೋಡುತ್ತಿದ್ದಳು.

ತುಂಡುಗಳನ್ನು ತೋಳಿನ ಮೇಲೆ ಹಾಕಿಕೊಂಡು ಅವನು ಕಿಟಕಿಯ ಬಳಿಗೆ ಬಂದ. ಮುಂಭಾಗದ ಎರಡು ಹೋಳನ್ನು ಅವಳ ಮಡಿಲಿಗೆ ಇಟ್ಟ. ಇನ್ನೊಂದು ಕೈಯಲ್ಲಿ ಕತ್ತರಿ ಹಾಗೇ ಇತ್ತು.

"ಇದಕ್ಕೆ ಕಾಜಾ ಬೇಡಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಬೇಡವಾಗಿತ್ತು. ಕಾಜಾ ಇಲ್ಲದಿದ್ದರೆ ಕೋಟನ್ನು ಹಾಕಿ ಬಿಚ್ಚುವುದು ಹೇಗೆ ಎಂದು ಕೇಳಿದಳು.

"ಬಿಚ್ಚೋ ಹಾಗಿಲ್ಲ. ಅಪ್ಪನಿಗೊಂದು ಗುಂಡಿ ತೋಡಿಯಾಯ್ತು. ಎರಡನೇದು ಬಾಕಿ ಇದೆ."

ಇಷ್ಟು ವರ್ಷ ತಾನೇ ಆಡಿಕೊಂಡು ನಕ್ಕ ಮಾತನ್ನು ಕಾಜಾದಮ್ಮ ಅವನ ತೋಳು ಹಿಡಿದು, ಕಣ್ಣೀರಿಟ್ಟು, ಬೇಡುವ ದಿನ ಬಂತು. ಇನ್ನೊಂದ್ಸಲ ಯೋಚಿಸು ಮಗಾ, ಇನ್ನೊಂದ್ಸಲ ಅಳೆದು ನೋಡು ಎಂದಳು. ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿದ, ಹಿಂದೆ ಅಪ್ಪ ಅವನ ಭುಜವನ್ನು ಸರಿಸುತ್ತಿದ್ದಷ್ಟೇ ಮೆಲ್ಲಗೆ.

"ಅಳೆದದ್ದು ಸಾಕಮ್ಮ. ಒಂದೇ ಸಲ."

ಅವನು ಕತ್ತರಿ ಹಿಡಿದೇ ಮೆಟ್ಟಿಲು ಹತ್ತಿದ. ಮಹಡಿಯಲ್ಲಿ ಚಿಕ್ಕಪ್ಪ ಥಾನುಗಳನ್ನು ಎಳೆದಾಡುವ ಸದ್ದು ಕೇಳುತ್ತಿತ್ತು. ಕಾಜಾದಮ್ಮ ಅವನ ಹೆಜ್ಜೆಗಳನ್ನು ಒಂದೊಂದಾಗಿ ಎಣಿಸಿದಳು, ಹದಿನಾಲ್ಕು. ಕೂಗಿ ಹೇಳಿದರೂ ನಂಬುವವರು ಅಲ್ಲಿ ಯಾರಿದ್ದರು? ಮೂವತ್ತೊಂದು ವರ್ಷದಿಂದ ಬಲ್ಲ ಕೆಲಸವೊಂದೇ ಅವಳ ಕೈಗೆ ಉಳಿದಿತ್ತು. ಸೂಜಿಗೆ ದಾರ ಪೋಣಿಸಿದಳು. ಮಡಿಲಲ್ಲಿದ್ದ ಆ ಕರಿಬಟ್ಟೆಯ ಅಂಚಿನಲ್ಲಿ, ಬೇಡವೆಂದ ಜಾಗದಲ್ಲಿಯೇ, ಒಂದು ಸೀಳು ಕೊಟ್ಟು ಕಾಜಾ ಹೊಲಿಯತೊಡಗಿದಳು.

ಹಿಂದೆಮುಂದೆ ನೋಡುವವರನ್ನು ನಾವು ಕೈಲಾಗದವರೆಂದು ನಗುತ್ತೇವೆ. ಒರೆಸಿ ಒರೆಸಿ ಗೆರೆ ಎಳೆಯುವವರು, ಬೀಗ ಜಗ್ಗಿ ಜಗ್ಗಿ ನೋಡುವವರು, ಐದು ಸಲ ಬರೆದ ಪತ್ರವನ್ನು ಕಳಿಸದೆ ಉಳಿಸಿಕೊಳ್ಳುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಬೇರೆಯವರ ಬಟ್ಟೆ ಕೆಟ್ಟೀತು, ಬೇರೆಯವರ ನೆಲ ಮಾಸೀತು ಎಂಬ ಅಂಜಿಕೆಯೇ ಅವರ ಆ ಅನುಮಾನ. ಲೋಕ ಇಷ್ಟಾದರೂ ಹರಿಯದೆ ಉಳಿದಿರುವುದು ಅವರ ಕೈ ತಡೆದು ನಿಲ್ಲುವುದರಿಂದ. ಅಂಥವರ ಬಾಯಿಂದ ‘ಇನ್ನೊಂದ್ಸಲ’ ಎಂಬ ಮಾತನ್ನು ಯಾವನೋ ಒಬ್ಬ ಕಿತ್ತುಕೊಳ್ಳುತ್ತಾನೆ. ಆಮೇಲೆ ಅವರ ಕೈಯಲ್ಲಿ ಉಳಿಯುವುದು ಕತ್ತರಿ ಮಾತ್ರ, ಅವರ ಅಳತೆಯೋ ಎಂದೂ ತಪ್ಪಿದ್ದಲ್ಲ.